ಬೆಟ್ಟದಲ್ಲಿ ಸರಿ, ಬಯಲಲ್ಲಿ ಮಿಸ್: ಡ್ರ್ಯಾಗ್ ಗಾಡಿಯ ದೋಷ ಹುಡುಕುವ ಬಗೆ

ಮಡಿಕೇರಿಯಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ. ಕುಶಾಲನಗರಕ್ಕೆ ಹೋಗಿ ಬಂದರೂ ಒಂದು ತಕರಾರಿಲ್ಲ. ಅದೇ ಗಾಡಿಯನ್ನು ಡ್ರ್ಯಾಗ್ ರೇಸಿಗೆ, ಅಂದರೆ ಕಾಲು ಮೈಲಿಯ ನೇರ ಓಟಕ್ಕೆ, ಚೆನ್ನೈ ಕಡೆಯ ಟ್ರ್ಯಾಕಿಗೆ ಒಯ್ದು, ಹಸಿರು ದೀಪ ಬಿದ್ದ ಕೂಡಲೇ ಬಿಟ್ಟರೆ ಮೊದಲನೇ ಗೇರ್ ಸರಿ, ಎರಡನೇದೂ ಸರಿ. ಮೂರನೇ ಗೇರಿನಲ್ಲಿ 5,000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದಂತೆ ಆಗುತ್ತದೆ. ಆಕ್ಸಿಲೇಟರ್ ಪೂರ್ತಿ ಒತ್ತಿಯೇ ಇದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಕಾಲು ಸ್ವಲ್ಪ ಸಡಿಲ ಮಾಡಿದರೆ ಮತ್ತೆ ಜೀವ ಬರುತ್ತದೆ.

ಈ ದೋಷದ ಹಿಂದೆ ನಾನು ಎರಡು ತಿಂಗಳು ಅಲೆದೆ. ಕಿಡಿ ಹಾರಿಸುವ ಪ್ಲಗ್ ಬದಲಿಸಿದೆ, ಪ್ಲಗ್ ವೈರ್ ಬದಲಿಸಿದೆ, ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸಿದೆ, ಕೊನೆಗೆ ಪೆಟ್ರೋಲ್ ಪಂಪನ್ನೂ ಬದಲಿಸಿದೆ. ಯಾವುದರಿಂದಲೂ ಸರಿಹೋಗಲಿಲ್ಲ. ದೋಷ ಇದ್ದ ಜಾಗ ಇವ್ಯಾವುದೂ ಅಲ್ಲ. ಹೊಸ ಸಾಮಾನು ಹಾಕುವ ಮೊದಲು ಅಳೆದು ನೋಡಿದ್ದರೆ ಒಂದೇ ಬೆಳಿಗ್ಗೆ ಸಿಗುತ್ತಿತ್ತು. ಹಾಗಾಗಿ ಅಳೆಯುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ರ‍್ಯಾಲಿ, ಆಟೋಕ್ರಾಸ್, ಜೀಪ್ ಓಡಿಸುವ ಹುಡುಗರು ತುಂಬಾ ಜನ ಇದ್ದಾರೆ. ನೇರ ಓಟಕ್ಕೆ ಗಾಡಿ ಕಟ್ಟುವವರು ಕಡಿಮೆ. ಕಟ್ಟಿದವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದಕ್ಕೆ ನಮ್ಮ ಎತ್ತರವೂ ಕಾರಣ, ನಮ್ಮ ಮಳೆಯೂ ಕಾರಣ.

ನನ್ನ ಗಾಡಿ ಹಳೆ ಮಾರುತಿ ಎಸ್ಟೀಮ್ ಕಾರು. 1.3 ಲೀಟರ್, 16 ವಾಲ್ವಿನ ಎಂಪಿಎಫ್‌ಐ ಎಂಜಿನ್, ಅಂದರೆ ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ ಒಂದೊಂದು ಇಂಜೆಕ್ಟರ್ ಇರುವಂಥದ್ದು. ಹೆಡ್ ಕೆಲಸ ಆಗಿದೆ, ಕ್ಯಾಮ್ ಬೇರೆ, ಎಕ್ಸಾಸ್ಟ್ ಬೇರೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಆಗಿದೆ. ಕಂಪನಿಯಿಂದ ಬಂದಾಗ 85 ಕುದುರೆ ಶಕ್ತಿ ಇತ್ತು, ಈಗ ಸುಮಾರು 100 ಇದೆ. ನಾನು ಕೊಂಡಾಗಲೇ ಮುಂಚಿನವರು ಪಂಪಿನ ವೈರಿಂಗ್ ಬದಲಿಸಿದ್ದರು. ಆ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೊದಲು ಚೀಟಿ ಓದಿ

ಓಟ ಮುಗಿದ ಮೇಲೆ ಕೊಡುವ ಟೈಮ್ ಚೀಟಿಯನ್ನು ಹೆಚ್ಚಿನವರು ಕೊನೆಯ ಸಾಲು ನೋಡಿ ಜೇಬಿಗೆ ಹಾಕುತ್ತಾರೆ. ದೋಷ ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕಾಲು ಮೈಲಿ ಅಂದರೆ 402 ಮೀಟರ್. ಚೀಟಿಯಲ್ಲಿ ಮೊದಲ 60 ಅಡಿಯ ಸಮಯ, ಅರ್ಧ ದಾರಿ ಅಂದರೆ 201 ಮೀಟರಿನ ಸಮಯ, ಪೂರ್ತಿ ಸಮಯ, ಕೊನೆಯಲ್ಲಿ ಗಾಡಿಯ ವೇಗ ಇರುತ್ತವೆ. 60 ಅಡಿಯ ಅಂಕಿ ಟೈರಿನ ಹಿಡಿತ ಮತ್ತು ಕ್ಲಚ್ಚಿನ ಕಥೆ ಹೇಳುತ್ತದೆ. ಕೊನೆಯ ವೇಗ ಎಂಜಿನ್ ಕಥೆ ಹೇಳುತ್ತದೆ. ಲಾಂಚ್, ಅಂದರೆ ಗಾಡಿ ಹೊರಡುವ ಗಳಿಗೆ ಕೆಟ್ಟರೆ ಸಮಯ ಹಾಳಾಗುತ್ತದೆ, ಕೊನೆಯ ವೇಗ ಅಷ್ಟಾಗಿ ಇಳಿಯುವುದಿಲ್ಲ. ಕೊನೆಯ ವೇಗವೇ ಇಳಿದಿದ್ದರೆ ಎಂಜಿನ್ ಉಸಿರು ಕಟ್ಟಿದೆ ಅಂತ ಅರ್ಥ.

ನನ್ನ ಎರಡು ಚೀಟಿ ಪಕ್ಕ ಪಕ್ಕ ಇಟ್ಟು ನೋಡಿ. ಹಿಂದಿನ ವರ್ಷ ಬೆಂಗಳೂರು ಹತ್ತಿರದ ರನ್‌ವೇಯಲ್ಲಿ: 60 ಅಡಿ 2.45 ಸೆಕೆಂಡ್, 201 ಮೀಟರ್ 10.9, 402 ಮೀಟರ್ 17.1, ಕೊನೆಯ ವೇಗ 128 ಕಿ.ಮೀ. ಈ ವರ್ಷ ಚೆನ್ನೈ ಕಡೆ: 2.46, 11.0, 17.6, ಕೊನೆಯ ವೇಗ 117. ಅರ್ಧ ದಾರಿಯವರೆಗೆ ಎರಡೂ ಒಂದೇ. ಕಳೆದುಹೋದದ್ದೆಲ್ಲ ಉಳಿದ ಅರ್ಧದಲ್ಲಿ. 11 ಕಿ.ಮೀ. ವೇಗ ಇಳಿದಿದೆ ಅಂದರೆ ಅದು ಚಾಲಕನ ತಪ್ಪಲ್ಲ, ಟೈರಿನ ತಪ್ಪೂ ಅಲ್ಲ.

ಎರಡನೇ ಗೇರಿನಲ್ಲಿ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಎರಡನೇ ಗೇರಿನಲ್ಲಿ ಗಾಡಿ 5,000ದಿಂದ 6,500ಕ್ಕೆ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತದೆ. ಮೂರನೇ ಗೇರಿನಲ್ಲಿ ಅದೇ ಭಾರದಲ್ಲಿ ನಾಲ್ಕೈದು ಸೆಕೆಂಡ್ ನಿಲ್ಲಬೇಕು. ಕೊರತೆ ಇದ್ದರೆ ಅಲ್ಲಿಯೇ ಕಾಣುವುದು.

ಕ್ಲಚ್ ಜಾರುತ್ತಿದ್ದರೂ ಕೊನೆಯ ವೇಗ ಇಳಿಯುತ್ತದೆ. ಅದನ್ನು ಬೇರ್ಪಡಿಸುವುದು ಸುಲಭ. ಕ್ಲಚ್ ಜಾರಿದರೆ ಆರ್‌ಪಿಎಂ ಮುಳ್ಳು ಸರ‍್ರನೆ ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ನನ್ನದರಲ್ಲಿ ಮುಳ್ಳೂ ನಿಂತಿತ್ತು, ವೇಗವೂ ನಿಂತಿತ್ತು. ಹಾಗಾಗಿ ಕ್ಲಚ್ಚಿನ ಮೇಲಿನ ಅನುಮಾನ ಬಿಟ್ಟೆ.

ನಮ್ಮ ಎತ್ತರ ದೋಷವನ್ನು ಮುಚ್ಚಿಡುತ್ತದೆ

ಇದು ನಿಧಾನವಾಗಿ ಅರ್ಥ ಮಾಡಿಕೊಳ್ಳಬೇಕಾದ ವಿಷಯ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 12-13ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ ಕಡಿಮೆ ಆದರೆ ಪೆಟ್ರೋಲೂ ಕಡಿಮೆ ಸಾಕು. ಸಿಲಿಂಡರಿನ ಒಳಗಿನ ಒತ್ತಡವೂ ಕಡಿಮೆ, ಹಾಗಾಗಿ ಕಿಡಿ ಹಾರಿಸಲು ಕಾಯಿಲ್ ಜಾಸ್ತಿ ಕಷ್ಟ ಪಡಬೇಕಿಲ್ಲ. ಅಂದರೆ ನಮ್ಮೂರಲ್ಲಿ ಪಂಪ್ ಸ್ವಲ್ಪ ಸೋತಿದ್ದರೂ ನಡೆಯುತ್ತದೆ, ಕಾಯಿಲ್ ಸ್ವಲ್ಪ ಸೋತಿದ್ದರೂ ನಡೆಯುತ್ತದೆ.

ಗಾಡಿ ಬಯಲಿಗೆ ಇಳಿದ ಮೇಲೆ ಗಾಳಿ ದಪ್ಪ ಆಗುತ್ತದೆ. ಚೆನ್ನೈ ಬಿಸಿಲು ಅದನ್ನು ಸ್ವಲ್ಪ ತೆಳು ಮಾಡುತ್ತದೆ, ನಿಜ. ಆದರೂ ಒಟ್ಟಿನಲ್ಲಿ ಇಲ್ಲಿಗಿಂತ ಜಾಸ್ತಿಯೇ. ಗಾಡಿ ಅಲ್ಲಿ ಇನ್ನೂ ಚೆನ್ನಾಗಿ ಓಡಬೇಕಿತ್ತು, ಅಲ್ವಾ? ಓಡದೆ ಇದ್ದದ್ದೇ ನನಗೆ ಸಿಕ್ಕ ಮೊದಲ ಸುಳಿವು. ಎತ್ತರದಲ್ಲಿ ಸಾಕಾಗುತ್ತಿದ್ದ ಯಾವುದೋ ಒಂದು ತಗ್ಗಿನಲ್ಲಿ ಸಾಲುತ್ತಿಲ್ಲ. ಅಂಥವು ಎರಡೇ: ಪೆಟ್ರೋಲ್, ಇಲ್ಲವೇ ಕಿಡಿ.

ಹಾಗಂತ ದೋಷವನ್ನು ಮತ್ತೆ ಕಾಣಲು ಸಂಪಾಜೆ ಘಾಟಿ ಇಳಿದು ಸುಳ್ಯದ ರಸ್ತೆಯಲ್ಲಿ ಮೂರನೇ ಗೇರ್ ಎಳೆದು ನೋಡಲು ಹೋಗಬೇಡಿ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆ ರಸ್ತೆಯಲ್ಲಿ ಶಾಲೆ ಮಕ್ಕಳು ನಡೆಯುತ್ತಾರೆ, ತಿರುವಿನಲ್ಲಿ ಬಸ್ಸು ಬರುತ್ತದೆ. ಬೇಕಾಗಿಯೂ ಇಲ್ಲ. ಪೂರ್ತಿ ಭಾರದಲ್ಲಿ ಮಾತ್ರ ಕಾಣುವ ಈ ದೋಷವನ್ನು ಗಾಡಿ ನಿಂತಲ್ಲೇ ಹುಡುಕಬಹುದು. ಕೆಳಗಿನ ಪರೀಕ್ಷೆ ಹೆಚ್ಚಿನವು ನಿಂತ ಗಾಡಿಯಲ್ಲೇ ಮಾಡಿದ್ದು.

ಇನ್ನೊಂದು ಮಾತು. ಪೆಟ್ರೋಲ್ ಕಡಿಮೆ ಬೀಳುತ್ತಿರುವ ಗಾಡಿಯನ್ನು ಪೂರ್ತಿ ಒತ್ತಿ ಓಡಿಸುತ್ತಾ ಹೋದರೆ ಎಂಜಿನ್ ಒಳಗೆ ಬಿಸಿ ಏರಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ಪಿಸ್ಟನ್ ತೂತು ಬೀಳಲು ಹೆಚ್ಚು ಹೊತ್ತು ಬೇಡ. ಟ್ರ್ಯಾಕಿನಲ್ಲಿ ಹೀಗಾದರೆ ಆ ದಿನದ ಓಟ ಅಲ್ಲಿಗೇ ನಿಲ್ಲಿಸಿ. ನಾನು ಎರಡನೇ ಓಟಕ್ಕೆ ಹೋಗಲಿಲ್ಲ. ಎಂಜಿನ್ ಉಳಿದದ್ದು ಅದರಿಂದಲೇ ಅಂತ ನಂಬಿದ್ದೇನೆ.

ಕಿಡಿಯೋ, ಪೆಟ್ರೋಲೋ

ಕಿಡಿ ತಪ್ಪಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಪಟಪಟ ಅನ್ನುತ್ತದೆ, ಸೈಲೆನ್ಸರಿನಲ್ಲಿ ಢಂ ಅನ್ನುವುದೂ ಉಂಟು. ಪೆಟ್ರೋಲ್ ಸಾಲದಿದ್ದರೆ ಜರ್ಕ್ ಇಲ್ಲ. ಮೆತ್ತಗೆ ಸುಸ್ತಾಗುತ್ತದೆ. ನನ್ನದು ಎರಡನೇ ಥರ. ಆದರೆ ಹೆಲ್ಮೆಟ್ ಹಾಕಿಕೊಂಡು, ಆ ಸದ್ದಿನಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ ಈ ವ್ಯತ್ಯಾಸ ಖಚಿತವಾಗಿ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಮೊದಲು ಕಿಡಿಯ ಹಿಂದೆ ಹೋದೆ.

ಏರ್ ಫ್ಯೂಯಲ್ ಮೀಟರ್, ಅಂದರೆ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ಮೀಟರ್ ಹಾಕಿಸಿಕೊಂಡವರಿಗೆ ಇಲ್ಲೊಂದು ಬಲೆ ಇದೆ. ಪೂರ್ತಿ ಭಾರದಲ್ಲಿ ಇಂಥ ಎಂಜಿನ್ 12.5ರಿಂದ 13ರ ಹತ್ತಿರ ಇರಬೇಕು. ನನ್ನದು 14.6 ತೋರಿಸಿತು. ಪೆಟ್ರೋಲ್ ಕಡಿಮೆ ಅಂತ ತಕ್ಷಣ ಹೇಳಬಹುದು ಅನಿಸುತ್ತದೆ. ಆದರೆ ಆ ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಕಿಡಿ ತಪ್ಪಿದ ಸಿಲಿಂಡರಿನಿಂದಲೂ ಉರಿಯದ ಗಾಳಿ ಹಾಗೆಯೇ ಹೊರಬರುತ್ತದೆ. ಆಗಲೂ ಮೀಟರ್ ಪೆಟ್ರೋಲ್ ಕಡಿಮೆ ಎಂದೇ ತೋರಿಸುತ್ತದೆ. ಮೀಟರ್ ಒಂದನ್ನೇ ನಂಬಿ ಟ್ಯೂನ್ ಬದಲಿಸಿದರೆ ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ.

ಕಿಡಿ ಪರೀಕ್ಷೆಗೆ ಮೂರು ಕೆಲಸ ಸಾಕು. ಪ್ಲಗ್ ಗ್ಯಾಪ್ 1.1 ಮಿ.ಮೀ. ಇದ್ದರೆ 0.8ಕ್ಕೆ ಇಳಿಸಿ. ಕಿಡಿ ಸೋತಿದ್ದರೆ ಗ್ಯಾಪ್ ಇಳಿಸಿದ ಕೂಡಲೇ ಸುಧಾರಿಸುತ್ತದೆ. ರಾತ್ರಿ ದೀಪ ಆರಿಸಿ, ಬಾನೆಟ್ ತೆಗೆದು, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಹನಿಸಿ ನೋಡಿ. ಕೈ ದೂರ ಇರಲಿ. ಸೋರಿಕೆ ಇದ್ದರೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿ ಡಿಸೆಂಬರ್ ರಾತ್ರಿಯಾದರೆ ನೀರೂ ಬೇಡ, ಮಂಜೇ ಸಾಕು. ಮೂರನೆಯದು ಪ್ಲಗ್ಗಿನ ಬಣ್ಣ. ಉರಿಯದ ಸಿಲಿಂಡರಿನ ಪ್ಲಗ್ ಒದ್ದೆಯಾಗಿ ಕಪ್ಪಗಿರುತ್ತದೆ. ಪೆಟ್ರೋಲ್ ಕಡಿಮೆಯಾದದ್ದು ಬೆಳ್ಳಗೆ, ಸುಣ್ಣ ಬಳಿದ ಹಾಗೆ. ನನ್ನ ನಾಲ್ಕೂ ಪ್ಲಗ್ ಬೆಳ್ಳಗಿದ್ದವು. ಒಂದೆರಡು ಬೆಳ್ಳಗಿದ್ದರೆ ಇಂಜೆಕ್ಟರ್ ನೋಡಬೇಕಿತ್ತು. ನಾಲ್ಕೂ ಒಂದೇ ಥರ ಅಂದರೆ ನಾಲ್ಕಕ್ಕೂ ಪೆಟ್ರೋಲ್ ಕೊಡುವ ದಾರಿಯಲ್ಲೇ ಏನೋ ಇದೆ.

ಶೆಡ್ಡಿನಲ್ಲಿ ಇಲಿ ಇರುವವರು ಈ ಹಂತದಲ್ಲಿ ಇಂಜೆಕ್ಟರ್ ವೈರುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿಬಿಡಿ. ಕಾಫಿ ಗೋಡೌನಿನ ಪಕ್ಕ ಗಾಡಿ ನಿಲ್ಲಿಸುವವರೆಲ್ಲ ಇದನ್ನು ಮಾಡಲೇಬೇಕು.

ಒತ್ತಡ ಬೇರೆ, ಹರಿವು ಬೇರೆ

ಪೆಟ್ರೋಲ್ ದಾರಿಯ ಪರೀಕ್ಷೆಯನ್ನು ಶೆಡ್ಡಿನ ಹೊರಗೆ, ತೆರೆದ ಜಾಗದಲ್ಲಿ ಮಾಡಿ. ಕಾಫಿ ಒಣಗಿಸುವ ಡ್ರೈಯರ್ ಉರಿಯುವ ಕಡೆ, ಒಲೆ ಇರುವ ಕಡೆ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ, ಎಂಜಿನ್ ತಣ್ಣಗಿರಲಿ. ಪೈಪ್ ಬಿಚ್ಚುವ ಮೊದಲು ಪಂಪಿನ ರಿಲೇ (ಅದಕ್ಕೆ ಕರೆಂಟ್ ಬಿಡುವ ಸ್ವಿಚ್) ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪೈಪಿನ ಒತ್ತಡ ಇಳಿಯುತ್ತದೆ. ಜೊತೆಗೆ ಒಬ್ಬರಿರಲಿ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಈ ಎಂಜಿನಿಗೆ ಪಂಪ್ ಓಡುತ್ತಿದ್ದು ಎಂಜಿನ್ ನಿಂತಿರುವಾಗ ಒತ್ತಡ ಚದರ ಸೆಂ.ಮೀ.ಗೆ 2.7ರಿಂದ 3.1 ಕೆಜಿ ಇರಬೇಕು. ಐಡಲಿನಲ್ಲಿ, ಅಂದರೆ ಆಕ್ಸಿಲೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, 2.1ರಿಂದ 2.6. ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ (ಎಂಜಿನ್ ಗಾಳಿ ಎಳೆಯುವ ಸೆಳೆತ ತರುವ ಪೈಪ್) ಕಿತ್ತು ಹಿಡಿದರೆ ಐಡಲಿನಲ್ಲೂ ಒತ್ತಡ ಮೇಲಕ್ಕೆ ಜಿಗಿಯಬೇಕು, ಯಾಕೆಂದರೆ ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಆಗುವುದೂ ಅದೇ. ನನ್ನ ಗಾಡಿಯಲ್ಲಿ 2.8 ಬಂತು. ಐಡಲಿನಲ್ಲಿ 2.3. ಪೈಪ್ ಕಿತ್ತರೆ ಮತ್ತೆ 2.8. ಎಲ್ಲ ಸರಿ! ಗಾಡಿ ನೋಡಿದ ಮೆಕ್ಯಾನಿಕ್ಕೂ ಇದನ್ನೇ ನೋಡಿ ಪೆಟ್ರೋಲ್ ಸರಿ ಇದೆ ಅಂದಿದ್ದರು. ನಾನೂ ಒಪ್ಪಿದ್ದೆ.

ಇಲ್ಲಿಯೇ ನಾವಿಬ್ಬರೂ ತಪ್ಪಿದ್ದು. ಒತ್ತಡ ಇದೆ ಅಂದ ಮಾತ್ರಕ್ಕೆ ಹರಿವು ಇದೆ ಅಂತ ಅಲ್ಲ. ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಜೋರಾಗಿ ಚಿಮ್ಮುತ್ತದೆ. ಕೊಡ ತುಂಬುವುದಕ್ಕೆ ಮಾತ್ರ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಐಡಲಿನಲ್ಲಿ ಎಂಜಿನ್ ಗುಟುಕು ಗುಟುಕಾಗಿ ಕುಡಿಯುತ್ತದೆ, ಆಗ ಸೋತ ಪಂಪೂ ಒತ್ತಡ ಹಿಡಿದು ನಿಲ್ಲಿಸುತ್ತದೆ. 100 ಕುದುರೆ ಶಕ್ತಿ ಹೊರಡುವಾಗ ಗಂಟೆಗೆ ಸುಮಾರು 30 ಲೀಟರ್ ಲೆಕ್ಕದಲ್ಲಿ ಬೇಕು. ಅರ್ಧ ನಿಮಿಷಕ್ಕೆ 250 ಮಿ.ಲೀ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಸೇರಿದ ಪೆಟ್ರೋಲಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು, ಎಥನಾಲಿನಲ್ಲಿ ಶಕ್ತಿ ಕಡಿಮೆ. ಪಂಪ್ ಇದರ ಹೆಚ್ಚುಕಡಿಮೆ ಎರಡರಷ್ಟು ಹರಿಸಿದರೆ ನೆಮ್ಮದಿ.

ಅಳೆಯುವುದು ಹೀಗೆ. ರೆಗ್ಯುಲೇಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಪೈಪನ್ನು ಬಿಚ್ಚಿ, ಪೆಟ್ರೋಲಿಗೆಂದೇ ಮಾಡಿದ ಲೋಹದ ಕ್ಯಾನಿಗೆ ಬಿಡಿ. ಸಾದಾ ಪ್ಲಾಸ್ಟಿಕ್ ಬಾಟಲಿ ಬೇಡ. ರಿಲೇಯ ಜಾಗದಲ್ಲಿ ಫ್ಯೂಸ್ ಇರುವ ತಂತಿ ಹಾಕಿ ಪಂಪನ್ನು ಸರಿಯಾಗಿ 30 ಸೆಕೆಂಡ್ ಓಡಿಸಿ. ನಂತರ ಅಳತೆ ಜಾಡಿಗೆ ಸುರಿದು ನೋಡಿ.

ನನಗೆ ಬಂದದ್ದು 240 ಮಿ.ಲೀ.

ಮಡಿಕೇರಿಯ ಗಾಳಿಗೆ ಅದು ಕಷ್ಟಪಟ್ಟು ಸಾಕು. ಚೆನ್ನೈ ಗಾಳಿಗೆ ಸಾಲದು. ಎರಡು ತಿಂಗಳ ಅಲೆದಾಟದ ಉತ್ತರ ಆ ಜಾಡಿಯಲ್ಲಿತ್ತು. ಆದರೆ ಪಂಪ್ ಹೊಸದು! ಹೊಸ ಪಂಪ್ ಯಾಕೆ ಇಷ್ಟೇ ಹರಿಸುತ್ತಿದೆ?

ಪೆಟ್ರೋಲಿನದೋ ಅದು ಹರಿಯುವ ದಾರಿಯದೋ ತೊಂದರೆ ಇರಬಹುದು ಅಂತ ಮೊದಲು ಅದನ್ನು ನೋಡಿದೆ. ಫಿಲ್ಟರ್ ಹೊಸದು ಹಾಕಿ ಮತ್ತೆ ಅಳೆದೆ, 250 ಬಂತು. ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ಅಳೆದೆ, ವ್ಯತ್ಯಾಸ ಇಲ್ಲ. ಮುಚ್ಚಳ ತೆಗೆಯುವಾಗ ಗಾಳಿ ಸುಯ್ ಅಂತ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಡಲು ದಾರಿ ಇಲ್ಲ ಅಂತ ಅರ್ಥ. ತೋಟದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವೆಂಟ್ ಪೈಪಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ, ಟಾರ್ಚ್ ಹಿಡಿದು ನೋಡಿ. ಆಮೇಲೆ ಅರ್ಧ ಗ್ಲಾಸ್ ಜಾಡಿಯಷ್ಟು ಪೆಟ್ರೋಲ್ ತೆಗೆದು ಒಂದು ಗಂಟೆ ಅಲ್ಲಾಡಿಸದೆ ಇಟ್ಟೆ. ಎಥನಾಲ್ ನೀರು ಹೀರುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು ಮಿತಿ ಮೀರಿದರೆ ತಳದಲ್ಲಿ ಬೇರೆಯೇ ಒಂದು ಪದರ ಕಾಣುತ್ತದೆ. ನನ್ನದರಲ್ಲಿ ಕಾಣಲಿಲ್ಲ.

ಡಿಕ್ಕಿಯ ಮ್ಯಾಟ್ ಕೆಳಗೆ

ಉಳಿದದ್ದು ಕರೆಂಟ್. ಪಂಪ್ ಅಂದರೆ ಒಂದು ಮೋಟಾರ್. ವೋಲ್ಟೇಜ್ ಇಳಿದರೆ ಅದರ ವೇಗ ಇಳಿಯುತ್ತದೆ, ವೇಗ ಇಳಿದರೆ ಹರಿವು ಇಳಿಯುತ್ತದೆ. ಒತ್ತಡದ ಎದುರು ತಳ್ಳಬೇಕಾದ್ದರಿಂದ ವೋಲ್ಟೇಜ್ ಸ್ವಲ್ಪ ಇಳಿದರೂ ಹರಿವು ಬಹಳ ಇಳಿಯುತ್ತದೆ.

ಪಂಪಿನ ಕನೆಕ್ಟರ್ ಬಿಚ್ಚದೆ, ಹಿಂದಿನಿಂದ ತೆಳು ಪಿನ್ ತೂರಿಸಿ, ಪಂಪ್ ಓಡುತ್ತಿರುವಾಗಲೇ ಅಳೆದೆ. ಬ್ಯಾಟರಿಯಲ್ಲಿ 12.4 ವೋಲ್ಟ್. ಪಂಪಿನ ಎರಡು ತುದಿಯ ನಡುವೆ 9.8. ದಾರಿಯಲ್ಲಿ 2.6 ವೋಲ್ಟ್ ಎಲ್ಲಿ ಹೋಯಿತು?

ಅದನ್ನು ಕಂಡುಹಿಡಿಯಲು ಮೀಟರಿನ ಕೆಂಪು ತುದಿಯನ್ನು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ತುದಿಯನ್ನು ಪಂಪಿನ ಪಾಸಿಟಿವ್‌ಗೆ ಇಡಿ. ಪಂಪ್ ಓಡುತ್ತಿರಲಿ. ನನಗೆ 0.6 ಬಂತು. ಹಳೆ ರಿಲೇ, ಸಣ್ಣ ವೈರ್. ಒಳ್ಳೆಯದಲ್ಲ, ಆದರೆ ಕೊಲ್ಲುವಂಥದ್ದೂ ಅಲ್ಲ. ನಂತರ ಕೆಂಪು ತುದಿ ಪಂಪಿನ ಅರ್ತ್ ಪಿನ್ನಿಗೆ, ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ. ಮೀಟರ್ 2.0 ತೋರಿಸಿತು. ಒಂದೊಂದು ಕಡೆ 0.2 ಅಥವಾ 0.3 ಇದ್ದರೆ ಸರಿ. 0.5 ದಾಟಿದರೆ ಕೆಲಸ ಇದೆ ಅಂತ ತಿಳಿಯಿರಿ. ಇಲ್ಲಿ ಎರಡು ವೋಲ್ಟ್ ಅರ್ತ್ ವೈರಿನಲ್ಲೇ ಕರಗಿ ಹೋಗುತ್ತಿತ್ತು.

ಇದನ್ನು ನಾನು ಮೊದಲೇ ಒಮ್ಮೆ ಪರೀಕ್ಷಿಸಿದ್ದೆ ಅನ್ನುವುದೇ ನೋವಿನ ಮಾತು. ಆಗ ಪಂಪ್ ಆಫ್ ಮಾಡಿ, ಮೀಟರನ್ನು ಓಮ್ಸ್‌ಗೆ ಹಾಕಿ, ಅರ್ತ್ ಸಿಗುತ್ತಿದೆಯಾ ಅಂತ ನೋಡಿದ್ದೆ. ಬೀಪ್ ಅಂದಿತ್ತು, 0.7 ಓಮ್ ತೋರಿಸಿತ್ತು. ಸರಿ ಇದೆ ಅಂದುಕೊಂಡೆ. ಕಡಿಮೆ ಬೆಲೆಯ ಮೀಟರಿನ ತಂತಿಯದೇ ಸುಮಾರು 0.2, 0.3 ಓಮ್ ಇರುತ್ತದೆ. ಪಂಪಿಗೆ 4 ಆಂಪಿಯರಿಗಿಂತ ಜಾಸ್ತಿ ಹರಿಯುವಾಗ ಉಳಿದ ಅರ್ಧ ಓಮ್ ಸಾಕು, ಎರಡು ವೋಲ್ಟ್ ನುಂಗಲು. ಬೀಪ್ ಸದ್ದು ವೈರ್ ತುಂಡಾಗಿಲ್ಲ ಅಂತ ಮಾತ್ರ ಹೇಳುತ್ತದೆ. ಭಾರ ಹೊರುತ್ತದೆಯೇ ಅಂತ ಹೇಳುವುದಿಲ್ಲ. ಪಂಪ್ ಓಡುತ್ತಿರುವಾಗ ವೋಲ್ಟೇಜ್ ನೋಡುವುದೊಂದೇ ಸರಿಯಾದ ದಾರಿ.

ಡಿಕ್ಕಿಯ ಮ್ಯಾಟ್ ಎತ್ತಿದೆ. ಬೂಷ್ಟು ವಾಸನೆ ಮೂಗಿಗೆ ಹೊಡೆಯಿತು. ಮಳೆಗಾಲದ ನೀರು ಹಿಂದಿನ ಲೈಟಿನ ರಬ್ಬರ್ ಪಕ್ಕದಿಂದ ಇಳಿದು ತಳದಲ್ಲಿ ನಿಂತಿತ್ತು, ಒಣಗಿದ ಗೆರೆ ಕಾಣುತ್ತಿತ್ತು. ಮುಂಚೆ ವೈರಿಂಗ್ ಮಾಡಿದವರು ಪಂಪಿನ ಅರ್ತ್ ವೈರನ್ನು ಅಲ್ಲೇ ತಳದ ಒಂದು ಬೋಲ್ಟಿಗೆ ಸಿಕ್ಕಿಸಿದ್ದರು. ಬಣ್ಣ ಕೆರೆಯದೆ, ಬಣ್ಣದ ಮೇಲೆಯೇ. ಬೋಲ್ಟಿನ ಸುತ್ತ ಕೆಂಪು ತುಕ್ಕು. ರಿಂಗ್ ಟರ್ಮಿನಲ್ ಮೇಲೆ ಹಸಿರು ಬೆರೆತ ಬಿಳಿ ಪುಡಿ. ಪಂಪನ್ನು ಐದು ನಿಮಿಷ ಓಡಿಸಿ ಅದರ ಮೇಲೆ ಬೆರಳಿಟ್ಟೆ. ಬೆಚ್ಚಗಿತ್ತು. ಸುತ್ತಲಿನ ತಗಡೆಲ್ಲ ತಣ್ಣಗೆ, ಆ ಒಂದು ಟರ್ಮಿನಲ್ ಮಾತ್ರ ಬಿಸಿ. ಪಂಪಿಗೆ ಸೇರಬೇಕಾದ ಶಕ್ತಿ ಅಲ್ಲಿ ಶಾಖವಾಗಿ ಹೋಗುತ್ತಿತ್ತು.

ಟರ್ಮಿನಲ್ ಕತ್ತರಿಸಿ ವೈರಿನ ಹೊದಿಕೆ ಸುಲಿದೆ. ತಾಮ್ರ ಕಪ್ಪಾಗಿತ್ತು. ಇನ್ನೊಂದು ಇಂಚು ಸುಲಿದೆ, ಅಲ್ಲೂ ಕಪ್ಪು. ಹೊರಗಿನಿಂದ ಹೊದಿಕೆ ಹೊಸದರ ಹಾಗೆ ಇತ್ತು, ಒಳಗೆ ಎಳೆಗಳು ಬೆರಳಲ್ಲಿ ಉಜ್ಜಿದರೆ ಮುರಿಯುತ್ತಿದ್ದವು. ತೇವ ವೈರಿನ ಒಳಗೇ ಹತ್ತಿಕೊಂಡು ಹೋಗುತ್ತದೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ. ಐದು ಇಂಚು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು.

ಈಗ ಎಲ್ಲ ಕೂಡಿ ಬಂತು. ಹಿಂದಿನ ವರ್ಷ ಬೆಂಗಳೂರಿನಲ್ಲಿ ಓಡಿಸಿದಾಗ ಈ ತುಕ್ಕು ಇಷ್ಟು ಬೆಳೆದಿರಲಿಲ್ಲ, ಬೆಂಗಳೂರೂ 900 ಮೀಟರ್ ಎತ್ತರದ ಊರು. ಆಮೇಲೆ ಮಡಿಕೇರಿ ಪಕ್ಕದ ಮೇಕೇರಿಯ ಶೆಡ್ಡಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗಾಡಿ ನಿಂತಿತು. ನಮ್ಮ ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಬರಿ ತಾಮ್ರ ಏನಾಗಬೇಕು? ರೋಬಸ್ಟಾ ಕೊಯ್ಲು ಮುಗಿಸಿ ಫೆಬ್ರವರಿ ಕೊನೆಗೆ ಚೆನ್ನೈಗೆ ಒಯ್ದೆ. ಕರೆಂಟ್ ಕಡಿಮೆ, ಗಾಳಿ ಜಾಸ್ತಿ. ಎರಡೂ ಒಂದೇ ದಿನ ಎದುರಾದವು.

ಸರಿ ಮಾಡಿದ್ದು

ಬೋಲ್ಟಿನ ಸುತ್ತ ಬಣ್ಣ, ತುಕ್ಕು ಎರಡನ್ನೂ ಕೆರೆದು ಬಿಳಿ ಲೋಹ ಕಾಣುವ ಹಾಗೆ ಮಾಡಿದೆ. ಹೊಸ ರಿಂಗ್ ಟರ್ಮಿನಲ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಬಿಗಿದ ಮೇಲೆ ಗ್ರೀಸ್ ಬಳಿದೆ. ಗ್ರೀಸ್ ಮೊದಲು ಬಳಿಯಬಾರದು. ಅಷ್ಟಕ್ಕೇ ಬಿಡದೆ ಪಂಪಿನಿಂದ ಬ್ಯಾಟರಿ ನೆಗೆಟಿವ್ ತನಕ ಇನ್ನೊಂದು ಅರ್ತ್ ವೈರ್ ಎಳೆದೆ. ಪಾಸಿಟಿವ್ ಕಡೆ ಹೊಸ ರಿಲೇ ಹಾಕಿ, ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿ.ಮೀ. ವೈರ್ ಕೊಟ್ಟೆ. ಹಿಂದಿನ ಲೈಟಿನ ರಬ್ಬರ್ ಬದಲಿಸಿದೆ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಒಂದು ವಿಷಯದಲ್ಲಿ ದಯವಿಟ್ಟು ಅಡ್ಡದಾರಿ ಹಿಡಿಯಬೇಡಿ. ಹೊಸ ರಿಲೇಯನ್ನು ಇಸಿಯು ಕೊಡುವ ಸಿಗ್ನಲ್ಲಿನಿಂದಲೇ ಆನ್ ಆಗುವ ಹಾಗೆ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಹಾಕಿ ನೇರವಾಗಿ ಪಂಪ್ ಓಡಿಸುವವರನ್ನು ನೋಡಿದ್ದೇನೆ. ಗಾಡಿ ಗುದ್ದಿ ಎಂಜಿನ್ ನಿಂತರೆ ಇಸಿಯು ಪಂಪನ್ನು ನಿಲ್ಲಿಸುತ್ತದೆ. ಸ್ವಿಚ್ ನಿಲ್ಲಿಸುವುದಿಲ್ಲ. ಒಡೆದ ಪೈಪಿನಿಂದ ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಮತ್ತೆ ಅಳೆದೆ. ಪಂಪಿನಲ್ಲಿ 12.1 ವೋಲ್ಟ್. ಅರ್ತ್ ಕಡೆ 0.1. ಅರ್ಧ ನಿಮಿಷಕ್ಕೆ 510 ಮಿ.ಲೀ. ಅದೇ ಪಂಪ್, ಅದೇ ಪೈಪ್.

ನಿಮ್ಮ ಗಾಡಿಯಲ್ಲಿ ವೋಲ್ಟೇಜ್ ಸರಿ ಇದ್ದು ಹರಿವು ಮಾತ್ರ ಕಡಿಮೆ ಇದ್ದರೆ ಆಗ ಪಂಪ್, ಟ್ಯಾಂಕಿನೊಳಗಿನ ಜಾಲರಿ, ಮಡಚಿಕೊಂಡ ಪೈಪ್ ನೋಡಿ. ಹಳೆ ರಬ್ಬರ್ ಪೈಪ್ ಎಥನಾಲಿಗೆ ಮೆತ್ತಗಾಗಿ ಒಳಗಿನಿಂದ ಊದಿರುತ್ತದೆ. ಹರಿವೂ ಸರಿ ಇದ್ದು ಗಾಡಿ ಮೇಲೆ ಎಳೆಯದಿದ್ದರೆ ಏರ್ ಫಿಲ್ಟರ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್, ಸೋತ ವಾಲ್ವ್ ಸ್ಪ್ರಿಂಗ್, ಈ ಕ್ರಮದಲ್ಲಿ ಹೋಗಿ. ತೋಟದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಹೊರಗೆ ಸ್ವಚ್ಛ ಕಂಡರೂ ಮಡಿಕೆಯ ಒಳಗೆ ಕೆಂಪು ಮಣ್ಣು ತುಂಬಿರುತ್ತದೆ. ಮೂರನೇ ಗೇರಲ್ಲದೆ ಲಾಂಚಿನಲ್ಲೇ ಉಸಿರು ಕಟ್ಟಿದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ನೋಡಿ. ತೂಕ ಕಡಿಮೆ ಇರಲಿ ಅಂತ ನಾಲ್ಕೈದು ಲೀಟರ್ ಮಾತ್ರ ಹಾಕಿದರೆ ಗಾಡಿ ಜಿಗಿದಾಗ ಪೆಟ್ರೋಲೆಲ್ಲ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ.

ಮುಂದಿನ ಬಾರಿ ಅದೇ ಟ್ರ್ಯಾಕಿಗೆ ಹೋದಾಗ ಚೀಟಿ ಹೀಗೆ ಬಂತು: 2.44, 10.8, 16.9, ಕೊನೆಯ ವೇಗ 131. ಏರ್ ಫ್ಯೂಯಲ್ ಮೀಟರ್ ಕೊನೆಯ ತನಕ 12.8ರ ಹತ್ತಿರವೇ ನಿಂತಿತು. ಪ್ಲಗ್ ತೆಗೆದು ನೋಡಿದರೆ ನಾಲ್ಕೂ ಬಿಸ್ಕತ್ತಿನ ಬಣ್ಣ. 60 ಅಡಿಯ 2.44 ಹಾಗೆಯೇ ಉಳಿದಿದೆ. ಅದು ಮುಂದಿನ ಚಕ್ರದ ಟೈರಿನ ಕೆಲಸ.

ಡಿಕ್ಕಿಯ ಮುಚ್ಚಳದ ಒಳಗೆ ಈಗ ಒಂದು ಬಿಳಿ ಟೇಪ್ ಅಂಟಿಸಿದ್ದೇನೆ. ಅದರ ಮೇಲೆ ಮಾರ್ಕರಿನಲ್ಲಿ ಅರ್ತ್ 0.1, ಹರಿವು 510 ಅಂತ ಬರೆದಿದೆ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಗಾಡಿ ಹೊರಗೆ ತೆಗೆದ ದಿನ ಎರಡನ್ನೂ ಮತ್ತೆ ಅಳೆದು ಪಕ್ಕದಲ್ಲಿ ಬರೆಯುತ್ತೇನೆ.